ನೀಟ್ ಬರೀರಿ, ಆದ್ರೆ ಕದ್ದು ಬರೀಬೇಡಿ

2025ರ ಮೇ 4, ಭಾನುವಾರ. ನಾನಾಗ ಫಸ್ಟ್ ಇಯರ್. ಹಾಸ್ಟೆಲ್‌ನಲ್ಲಿ "ಊರಲ್ಲಿ ಮನೆದೇವರ ಪೂಜೆ ಇದೆ" ಅಂತ ಹೇಳಿ ಹೊರಟಿದ್ದೆ. ಮನೆಯಲ್ಲಿ "ಇಂಟರ್ನಲ್ಸ್ ಇದೆ, ಈ ವಾರ ಬರಲ್ಲ" ಅಂದಿದ್ದೆ. ನಿಜವಾಗಿ ಹೋಗಿದ್ದು ನೀಟ್ ಬರೆಯೋಕೆ.

ಇದನ್ನ ಈಗ ಹೇಳೋಕೆ ಕಾರಣ ಇದೆ. ನಮ್ಮ ಬ್ಯಾಚ್‌ನಲ್ಲೇ ನನಗೆ ಗೊತ್ತಿರೋ ಹಾಗೆ ಇನ್ನೂ ಮೂವರು ಹೀಗೇ ಗುಟ್ಟಾಗಿ ಓದ್ತಿದ್ದಾರೆ. ಲ್ಯಾಬ್ ರೆಕಾರ್ಡ್ ಕೆಳಗೆ ಬಯಾಲಜಿ ಪುಸ್ತಕ ಇಟ್ಕೊಂಡು ಕೂತಿರೋರನ್ನ ನೀವೂ ನೋಡಿರಬಹುದು. ಇಂಜಿನಿಯರಿಂಗ್ ಬಿಟ್ಟು ಮೆಡಿಕಲ್‌ಗೆ ಹೋಗೋದು ತಪ್ಪು ಅಂತ ನಾನು ಹೇಳ್ತಿಲ್ಲ. ಹತ್ತನೇ ಕ್ಲಾಸ್ ರಿಸಲ್ಟ್ ಬಂದ ಕೆಲವೇ ದಿನದಲ್ಲಿ ಪಿಸಿಎಂಬಿನೋ ಪಿಸಿಎಂಸಿನೋ ಅಂತ ತೀರ್ಮಾನ ಮಾಡಿದೋರು ನಾವು. ಹದಿನಾರನೇ ವಯಸ್ಸಲ್ಲಿ ಹಾಕಿದ ಟಿಕ್ ಮಾರ್ಕನ್ನ ಹತ್ತೊಂಬತ್ತಕ್ಕೆ ಬದಲಾಯಿಸಬಾರದು ಅಂತ ಎಲ್ಲೂ ಬರೆದಿಲ್ಲ. ನನ್ನ ತಕರಾರು ಇರೋದು ಗುಟ್ಟು ಮಾಡೋದ್ರ ಬಗ್ಗೆ.

ಗುಟ್ಟು ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ನನ್ನ ಲೆಕ್ಕ ನೋಡಿ. ನೀಟ್‌ಗೆ ಒಟ್ಟು 720 ಅಂಕ. ಅದರಲ್ಲಿ ಬಯಾಲಜಿಗೇ 360, ಫಿಸಿಕ್ಸ್ ಮತ್ತು ಕೆಮಿಸ್ಟ್ರಿಗೆ ತಲಾ 180. ನಮಗೆ ತುಂಬಾ ಅಭ್ಯಾಸ ಇರೋ ಮ್ಯಾಥ್ಸ್ ಅಲ್ಲಿ ಇಲ್ವೇ ಇಲ್ಲ. 180 ನಿಮಿಷದಲ್ಲಿ 180 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ, ತಪ್ಪಾದ್ರೆ ಒಂದು ಅಂಕ ಕಟ್. "ಇಂಜಿನಿಯರಿಂಗ್ ಓದ್ತಿದ್ದೀನಿ, ಫಿಸಿಕ್ಸ್ ಹೇಗೋ ಆಗುತ್ತೆ" ಅಂದುಕೊಂಡು ರಾತ್ರಿ ಹನ್ನೊಂದರ ಮೇಲೆ ಬರೀ ಬಯಾಲಜಿ ಓದಿದೆ. ಬಂದಿದ್ದು ಬಯಾಲಜಿಯಲ್ಲಿ 190, ಕೆಮಿಸ್ಟ್ರಿಯಲ್ಲಿ 72, ಫಿಸಿಕ್ಸ್‌ನಲ್ಲಿ 50. ಒಟ್ಟು 312. ಕ್ವಾಲಿಫೈ ಆದೆ, ಆದ್ರೆ ಸರ್ಕಾರಿ ಸೀಟಿನ ಹತ್ತಿರಕ್ಕೂ ಹೋಗಲಿಲ್ಲ. 22 ಲಕ್ಷಕ್ಕೂ ಹೆಚ್ಚು ಜನ ಬರೆಯೋ ಪರೀಕ್ಷೆ ಅದು. ಬೇರೆಯವರು ವರ್ಷಪೂರ್ತಿ ಅದನ್ನೇ ಓದ್ತಾರೆ, ನಾನು ಉಳಿದ ಸಮಯದಲ್ಲಿ ಓದಿದ್ದೆ. ಇತ್ತ ಆ ವಾರದ ಇಂಟರ್ನಲ್ಸ್ ಕೂಡ ಹೋಯ್ತು, ಅಟೆಂಡೆನ್ಸೂ ಕಮ್ಮಿ ಆಯ್ತು. ಎರಡು ದೋಣಿ ಮೇಲೆ ಕಾಲಿಟ್ಟೋರ ಕಥೆ ಇಷ್ಟೇ.

ಆದ್ರೆ ಅಂಕಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಯಾರಿಗೂ ಹೇಳದೇ ಇದ್ದಿದ್ರಿಂದ "ಯಾಕೆ?" ಅಂತ ಯಾರೂ ನನ್ನನ್ನ ಕೇಳಲಿಲ್ಲ.

ಕೇಳಿದ್ದಿದ್ರೆ ಗೊತ್ತಾಗ್ತಿತ್ತು. ಫಸ್ಟ್ ಸೆಮ್‌ನಲ್ಲಿ ನನಗೆ ಮ್ಯಾಥ್ಸ್ ಬ್ಯಾಕ್ ಉಳಿದಿತ್ತು. ರಿಸಲ್ಟ್ ಬಂದ ವಾರವೇ 1,700 ರೂಪಾಯಿ ಕಟ್ಟಿ ನೀಟ್ ಅರ್ಜಿ ಹಾಕಿದ್ದೆ. ಆ ಬ್ಯಾಕ್ ಇಲ್ಲದಿದ್ರೆ ಅರ್ಜಿ ಹಾಕ್ತಿದ್ನಾ? ಈ ಪ್ರಶ್ನೆಯನ್ನ ನನಗೆ ನಾನೇ ಕೇಳಿಕೊಂಡಿದ್ದು ಆರು ತಿಂಗಳಾದ ಮೇಲೆ, ಅಜ್ಜಿ ಜೊತೆ ಆಸ್ಪತ್ರೆಯಲ್ಲಿ ಉಳಿದಾಗ.

ಒಂದು ರಾತ್ರಿ ಎರಡು ಗಂಟೆಗೆ ಹೌಸ್ ಸರ್ಜನ್ ಒಬ್ರು ರಕ್ತ ತೆಗೆಯೋಕೆ ಬಂದ್ರು. ಎರಡು ಸಲ ಚುಚ್ಚಿದ್ರೂ ನರ ಸಿಗಲಿಲ್ಲ. ಅಜ್ಜಿ ಚೆನ್ನಾಗಿ ಬೈದ್ರು. ಅವರು ಸ್ಟೂಲ್ ಎಳೆದು ಪಕ್ಕದಲ್ಲಿ ಕೂತು, ಅಜ್ಜಿಯ ಕೈ ಸವರುತ್ತಾ ಊರು ಯಾವುದು, ಮೊಮ್ಮಕ್ಕಳೆಷ್ಟು ಅಂತ ಕೇಳಿ, ಆಮೇಲೆ ಮೂರನೇ ಸಲ ಪ್ರಯತ್ನ ಮಾಡಿದ್ರು. ನನಗೆ ಬೇಕಾಗಿದ್ದು ಹೆಸರಿನ ಮುಂದೆ "ಡಾ." ಅನ್ನೋದು. ರಾತ್ರಿ ಎರಡು ಗಂಟೆಯ ಆ ಸ್ಟೂಲ್ ನನಗೆ ಬೇಕಿರಲಿಲ್ಲ. ಇದು ಅವತ್ತು ಗೊತ್ತಾಯ್ತು.

ನನ್ನ ರೂಮ್‌ಮೇಟ್ ಕಥೆ ಉಲ್ಟಾ. ಅವಳು ಪಿಸಿಎಂಸಿ, ಕ್ಲಾಸಲ್ಲಿ 9ರ ಮೇಲೆ ಸಿಜಿಪಿಎ. ಅವಳಿಗೆ ಆ ಸ್ಟೂಲೇ ಬೇಕು. ಪಿಯುನಲ್ಲಿ ಬಯಾಲಜಿ ಇಲ್ಲದೋರಿಗೆ ಮೊದಲು ಬಾಗಿಲು ಮುಚ್ಚಿತ್ತು. 2023ರ ನವೆಂಬರ್‌ನಲ್ಲಿ ಎನ್‌ಎಂಸಿ ಅದನ್ನ ಬದಲಾಯಿಸಿತು. ಈಗ ಮಾನ್ಯತೆ ಇರೋ ಬೋರ್ಡ್‌ನಿಂದ ಬಯಾಲಜಿಯನ್ನ ಹೆಚ್ಚುವರಿ ವಿಷಯವಾಗಿ ಪಾಸ್ ಮಾಡಿದ್ರೂ ನೀಟ್ ಬರೀಬಹುದು. ವಯಸ್ಸಿನ ಮೇಲ್ಮಿತಿ 2022ರಲ್ಲೇ ಹೋಗಿದೆ. ಅವಳು ಈಗ ಬಯಾಲಜಿ ಪರೀಕ್ಷೆ ಕಟ್ಟಿದ್ದಾಳೆ. ಮನೆಯಲ್ಲಿ ಹೇಳಿದ್ದಾಳೆ. ಒಂದು ವಾರ ಅವರಪ್ಪ ಫೋನೇ ಎತ್ತಲಿಲ್ಲ, ಆಮೇಲೆ ಅವರೇ ಕೂತು ಖರ್ಚಿನ ಲೆಕ್ಕ ಹಾಕಿದ್ರು.

ಆ ಲೆಕ್ಕವನ್ನ ಎಲ್ಲರೂ ಹಾಕಲೇಬೇಕು. ಎಂಬಿಬಿಎಸ್ ಅಂದ್ರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಪಿಜಿ ಮಾಡಿದ್ರೆ ಇನ್ನೂ ಮೂರು. ಅಮೆರಿಕದಲ್ಲಿ ಡಿಗ್ರಿ ಮುಗಿಸಿದ ಮೇಲೇ ಮೆಡಿಕಲ್ ಸ್ಕೂಲ್‌ಗೆ ಹೋಗ್ತಾರೆ, ಇಂಜಿನಿಯರಿಂಗ್ ಮಾಡಿದೋರೂ ಹೋಗ್ತಾರೆ. ಆ ವಿಡಿಯೋ ನೋಡಿ ಮೋಸ ಹೋಗಬೇಡಿ, ಇಲ್ಲಿ ನಮ್ಮ ಬಿಇಗೆ ಯಾವ ರಿಯಾಯಿತಿಯೂ ಇಲ್ಲ, ಪಿಯು ಮುಗಿಸಿದೋರ ಜೊತೆಗೇ ಸಾಲಲ್ಲಿ ನಿಲ್ಲಬೇಕು. ಮಧ್ಯದಲ್ಲಿ ಬಿಟ್ಟರೆ ಈ ಕಾಲೇಜಿನ ಫೀಸ್ ಏನಾಗುತ್ತೆ ಅಂತ ಆಫೀಸಲ್ಲಿ ಮೊದಲೇ ಕೇಳಿ ತಿಳ್ಕೊಳ್ಳಿ. ಮೂಲ ಅಂಕಪಟ್ಟಿಗಳನ್ನ ಕಾಲೇಜುಗಳು ಹಿಡಿದಿಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ, ಅದೂ ಗೊತ್ತಿರಲಿ.

ಆಸ್ಪತ್ರೆ ಇಷ್ಟ, ಆದ್ರೆ ಡಾಕ್ಟರ್ ಆಗಲೇಬೇಕು ಅಂತಿಲ್ಲ ಅನ್ನೋರಿಗೂ ದಾರಿ ಇದೆ. ಗೇಟ್‌ನಲ್ಲಿ 2020ರಿಂದ ಬಯೋಮೆಡಿಕಲ್ ಇಂಜಿನಿಯರಿಂಗ್ ಪೇಪರ್ ಇದೆ. ಐಐಟಿ ಮದ್ರಾಸ್, ವೆಲ್ಲೂರಿನ ಸಿಎಂಸಿ ಮತ್ತು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ಸೇರಿ ಕ್ಲಿನಿಕಲ್ ಇಂಜಿನಿಯರಿಂಗ್‌ನಲ್ಲಿ ಎಂಟೆಕ್ ನಡೆಸ್ತಿವೆ. ಅದೇ ಶ್ರೀಚಿತ್ರಾದಲ್ಲಿ ಸರ್ಜನ್‌ಗಳೂ ಇಂಜಿನಿಯರ್‌ಗಳೂ ಸೇರಿ ಮಾಡಿದ ಹೃದಯದ ಕವಾಟವನ್ನ 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದ್ರು.

ಕೊನೆಗೆ ನಮ್ಮಂಥ ಉಳಿದೋರಿಗೆ ಒಂದು ಮಾತು. ಯಾರಾದ್ರೂ ನೀಟ್ ಬರೀತೀನಿ ಅಂದ್ರೆ "ಏನ್ ಡಾಕ್ಟ್ರೇ" ಅಂತ ರೇಗಿಸ್ತೀವಲ್ಲ, ಅದಕ್ಕೇ ನಾನು ಪೂಜೆ ಕಥೆ ಕಟ್ಟಿದ್ದು. ರೇಗಿಸೋ ಬದಲು "ಯಾಕೆ?" ಅಂತ ಕೇಳಿ, ಉತ್ತರ ಕೇಳಿಸ್ಕೊಳ್ಳಿ.

ನಾನು ಮತ್ತೆ ಅರ್ಜಿ ಹಾಕ್ತಿಲ್ಲ. ಮ್ಯಾಥ್ಸ್ ಬ್ಯಾಕ್ ಕ್ಲಿಯರ್ ಆಯ್ತು, 54 ಬಂತು. ನನ್ನ ಬಯಾಲಜಿ ಪುಸ್ತಕ, ನೋಟ್ಸ್ ಎಲ್ಲಾ ರೂಮ್‌ಮೇಟ್ ಹತ್ರ ಇದೆ. ಅವಳದು ಮುಗಿದ ಮೇಲೆ ಯಾರಿಗೆ ಬೇಕೋ ಬಂದು ತಗೊಂಡು ಹೋಗಿ. ಹಗಲಲ್ಲೇ ಬನ್ನಿ.