ಬೆನ್ನಿಗೊಂದು ಚೀಲ, ಜೊತೆಗೊಬ್ಬಳು ಮೊಮ್ಮಗಳು

ಮಕ್ಕಳೇ, ಈ ವಾರ ಮೊದಲು ಭೂಪಟ ತೆಗೆಯಿರಿ. ಅಜ್ಜ ಅಜ್ಜಿಯರು ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತುಕೊಳ್ಳಲಿ. ಅಮೆರಿಕದ ಕೆಳಗೆ ಮೆಕ್ಸಿಕೊ ಸಿಕ್ಕಿತೇ? ಅದರ ತೆಂಕು ಬದಿಗೆ, ಗ್ವಾಟೆಮಾಲಾ ದೇಶದ ಮೂಡು ಬದಿಗೆ, ಕೆರಿಬಿಯನ್ ಸಮುದ್ರಕ್ಕೆ ತಾಗಿಕೊಂಡು ಒಂದು ಸಣ್ಣ ದೇಶ ಇದೆ. ಬೆರಳಿಟ್ಟರೆ ಮುಚ್ಚಿಹೋಗುತ್ತದೆ. ಅದರ ಹೆಸರು ಬೆಲೀಜ್.

ಹಿಂದೆ ಅದನ್ನು ಬ್ರಿಟಿಷ್ ಹೊಂಡುರಾಸ್ ಎನ್ನುತ್ತಿದ್ದರು. ನಮ್ಮ ಹಾಗೆ ಇಂಗ್ಲಿಷರ ಕೈಕೆಳಗೆ ಇದ್ದ ದೇಶ. 1981ರ ಸೆಪ್ಟೆಂಬರ್ 21ರಂದು ಸ್ವತಂತ್ರವಾಯಿತು. ವಿಸ್ತೀರ್ಣ ಸುಮಾರು 23,000 ಚದರ ಕಿಲೋಮೀಟರ್, ಅಂದರೆ ನಮ್ಮ ಉಡುಪಿ ಜಿಲ್ಲೆಯ ಸುಮಾರು ಆರು ಪಟ್ಟು. ಜನಸಂಖ್ಯೆ ಮಾತ್ರ 4 ಲಕ್ಷದ ಆಸುಪಾಸು. ಉಡುಪಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 11 ಲಕ್ಷ 77 ಸಾವಿರ ಜನ. ಆರು ಪಟ್ಟು ಜಾಗ, ಮೂರನೇ ಒಂದು ಪಾಲು ಜನ. ಹಾಗಿದ್ದ ಮೇಲೆ ಅಲ್ಲಿ ಗಡಿಬಿಡಿ ಎಂಬುದು ಎಲ್ಲಿಂದ ಬರಬೇಕು?

ಲೋಕದ ಎಲ್ಲ ಕಡೆಯಿಂದ ಹುಡುಗ ಹುಡುಗಿಯರು ಬೆನ್ನಿಗೆ ದೊಡ್ಡದೊಂದು ಚೀಲ ಏರಿಸಿಕೊಂಡು ಈ ದೇಶಕ್ಕೆ ಹೋಗುತ್ತಾರೆ. ಕಾರಣ ಸರಳ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ದಟ್ಟ ಕಾಡು. ಕಡಲೊಳಗೆ ಹವಳದ ದೊಡ್ಡ ದಿಬ್ಬಗಳಿವೆ. 1996ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಕಾಡಿನ ಬದಿಗೆ ಮಾಯಾ ಎಂಬ ಹಳೆಯ ಜನಾಂಗದವರು ಕಟ್ಟಿದ ಕಲ್ಲಿನ ಗುಡಿಗಳಿವೆ. ಕೇ ಕಾಕರ್ ಎಂಬ ಪುಟ್ಟ ದ್ವೀಪದ ಘೋಷವಾಕ್ಯವೇ ‘ನಿಧಾನಕ್ಕೆ ಹೋಗಿ’ ಎಂದು. ಗಡಿಯ ಹತ್ತಿರದ ಸಾನ್ ಇಗ್ನಾಸಿಯೊ ಎಂಬ ಪೇಟೆ ಕಡಿಮೆ ಖರ್ಚಿನ ಪ್ರವಾಸಿಗಳ ತಂಗುದಾಣ. ಅಲ್ಲಿಂದ ಒಂದು ಮಾಯಾ ಗುಡಿಗೆ ಹೋಗುವ ದಾರಿಯಲ್ಲಿ ಹೊಳೆ ದಾಟಲು ಬಹುಕಾಲ ಕೈಯಿಂದ ತಿರುಗಿಸುವ ತೇಲುದೋಣಿಯೇ ಗತಿಯಾಗಿತ್ತು. ಊರಿಂದ ಊರಿಗೆ ಹೋಗಲು ಅಮೆರಿಕದ ಶಾಲೆಗಳಲ್ಲಿ ಓಡಿ ಹಳತಾದ ಬಸ್ಸುಗಳು. ಊಟಕ್ಕೆ ತೆಂಗಿನಹಾಲು ಹಾಕಿ ಬೇಯಿಸಿದ ಅನ್ನ ಮತ್ತು ಕೆಂಪು ಬೀನ್ಸ್. ಇದನ್ನೆಲ್ಲ ಓದುತ್ತ ಹೋದ ಹಾಗೆ, ಮಾರಾಯ್ರೆ, ಇದು ನಮ್ಮ ಬೈಂದೂರಿನ ಕತೆಯೇ ಅಲ್ಲವೇ ಎಂದು ನನಗೆ ಅನಿಸಿತು.

ಆ ಯುವಕರು ಅಷ್ಟು ಕಡಿಮೆ ದುಡ್ಡಿನಲ್ಲಿ ಹೇಗೆ ತಿರುಗುತ್ತಾರೆ? ವರ್ಷಗಟ್ಟಲೆ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಲೆಕ್ಕ ನೋಡದೆ ಸಮಾಧಾನವಾಗುವುದಿಲ್ಲ. ನೋಡಿದೆ. ಗುಟ್ಟು ಇಷ್ಟೇ: ಅವರು ದುಡ್ಡಿನ ಬದಲಿಗೆ ಸಮಯ ಖರ್ಚು ಮಾಡುತ್ತಾರೆ. ಟ್ಯಾಕ್ಸಿಯ ಬದಲು ಬಸ್ಸಿಗೆ ಕಾಯುತ್ತಾರೆ. ದೊಡ್ಡ ಹೋಟೆಲಿನ ಬದಲು ಊರಿನವರು ಉಣ್ಣುವಲ್ಲಿ ಉಣ್ಣುತ್ತಾರೆ. ಹತ್ತು ಊರು ನೋಡುವ ಬದಲು ಎರಡು ಊರಿನಲ್ಲಿ ಉಳಿಯುತ್ತಾರೆ. ದುಡ್ಡಿನ ಖಾತೆಯಲ್ಲಿ ಉಳಿದದ್ದು ಸಮಯದ ಖಾತೆಯಲ್ಲಿ ಖರ್ಚಾಗುತ್ತದೆ.

ಈಗ ನಮ್ಮ ಮನೆಗಳನ್ನು ನೋಡಿ. ಮನೆಯಲ್ಲಿ ದುಡಿಯುವ ಮಗ, ಸೊಸೆ, ಮಗಳು, ಅಳಿಯ – ಇವರ ಹತ್ತಿರ ಸ್ವಲ್ಪ ದುಡ್ಡು ಇದೆ, ಸಮಯ ಇಲ್ಲ. ಎರಡು ದಿನ ರಜೆ ಸಿಕ್ಕಿದರೆ ಕಾರಿನಲ್ಲಿ ಬಂದು, ಮರವಂತೆಯಲ್ಲಿ ಹತ್ತು ನಿಮಿಷ ನಿಂತು ಫೋಟೋ ತೆಗೆದು, ಕೊಲ್ಲೂರಿನಲ್ಲಿ ಕೈಮುಗಿದು, ರಾತ್ರಿಯೇ ಬೆಂಗಳೂರಿಗೆ ಹೊರಡಬೇಕು. ಅವರನ್ನು ದೂರಬೇಡಿ, ಅವರ ಕಷ್ಟ ಅವರಿಗೆ. ಸಮಯ ಇರುವುದು ಮನೆಯ ಎರಡು ತುದಿಯವರಿಗೆ: ಶಾಲೆಗೆ ರಜೆ ಸಿಕ್ಕಿದ ಮಕ್ಕಳಿಗೆ, ಕೆಲಸದಿಂದ ನಿವೃತ್ತರಾದ ನಮಗೆ. ಬೆನ್ನಿಗೆ ಚೀಲ ಹಾಕಿಕೊಂಡು ಹೊರಡಬೇಕಾದವರು ನಾವೇ ಅಲ್ಲವೇ?

ಕಳೆದ ಡಿಸೆಂಬರಿನಲ್ಲಿ ನಾನು, ಮನೆಯವಳು, ಆರನೇ ತರಗತಿ ಓದುವ ಮೊಮ್ಮಗಳು, ಮೂವರೂ ಕುಂದಾಪುರದಿಂದ ಮೂರು ದಿನಕ್ಕೆ ಹೊರಟೆವು. ಮೊಮ್ಮಗಳಿಗೆ ಒಂದು ಕೆಲಸ ಕೊಟ್ಟಿದ್ದೆ. ಒಂದು ಹೊಳೆಯನ್ನು ಅದು ಕಡಲು ಸೇರುವಲ್ಲಿಂದ ಹಿಡಿದು ಕಾಡಿನವರೆಗೆ ಹಿಂಬಾಲಿಸಬೇಕು. ಆ ಹೊಳೆ ಸೌಪರ್ಣಿಕೆ.

ಮೊದಲ ದಿನ ಕುಂದಾಪುರದ ಹೊಳೆಬದಿಗೆ ಹೋದೆವು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ – ಈ ಐದು ಸೇರಿ ಪಂಚಗಂಗಾವಳಿ ಆಗುತ್ತದೆ, ಮುಂದೆ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಎದುರಿಗೇ ಗಂಗೊಳ್ಳಿ ಕಾಣುತ್ತದೆ, ಕೂಗಿದರೆ ಕೇಳುವಷ್ಟು ಹತ್ತಿರ ಎನಿಸುತ್ತದೆ. ಆದರೆ ಬಸ್ಸಿನಲ್ಲಿ ಹೋಗುವುದಾದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಸುತ್ತಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಈ ಕರಾವಳಿಯಲ್ಲಿ ನಾಲ್ಕು ಊರು ದಾಟಬೇಕಾದರೆ ದೋಣಿಗೆ ಕಾಯಲೇಬೇಕಿತ್ತು ಎಂದು ಮೊಮ್ಮಗಳಿಗೆ ಹೇಳಿದೆ. “ಕಾಯುವಾಗ ಏನು ಮಾಡ್ತಿದ್ರಿ ಅಜ್ಜಯ್ಯ, ಮೊಬೈಲ್ ಇರ್ಲಿಲ್ವಲ್ಲ?” ಎಂದು ಕೇಳಿದಳು. ಮಾತಾಡುತ್ತಿದ್ದೆವು ಎಂದೆ.

ಎರಡನೆಯ ದಿನ ಮರವಂತೆ. ಹೆದ್ದಾರಿ 66ರ ಪಡು ಬದಿಗೆ ಅರಬ್ಬೀ ಸಮುದ್ರ, ಮೂಡು ಬದಿಗೆ ಅದೇ ಸೌಪರ್ಣಿಕೆ. ಕಾರಿನಲ್ಲಿ ಹೋದರೆ ಇದು ಎರಡು ನಿಮಿಷದ ನೋಟ. ನಾವು ಬೆಳಗಿನಿಂದ ಮಧ್ಯಾಹ್ನದವರೆಗೆ ಇದ್ದೆವು. ಆಗ ಒಂದು ವಿಚಿತ್ರ ಕಂಡಿತು. ಕೊಡಚಾದ್ರಿಯಿಂದ ಇಳಿದು ಬಂದ ಹೊಳೆ ಇಲ್ಲಿ ಇನ್ನೇನು ಕಡಲು ಮುಟ್ಟಿತು ಎನ್ನುವಷ್ಟು ಹತ್ತಿರ ಬರುತ್ತದೆ. ಮುಟ್ಟುವುದಿಲ್ಲ. ತೆಂಕು ದಿಕ್ಕಿಗೆ ತಿರುಗಿ, ಗಂಗೊಳ್ಳಿಯವರೆಗೆ ನಡೆದುಹೋಗಿ ಆಮೇಲೆ ಸೇರುತ್ತದೆ. ಮೊಮ್ಮಗಳು ಎರಡೂ ಬದಿಯ ನೀರನ್ನು ಮುಟ್ಟಿ ನಾಲಿಗೆಗೆ ಇಟ್ಟು ನೋಡಿದಳು. ಹೊಳೆಯ ನೀರೂ ಸ್ವಲ್ಪ ಉಪ್ಪು! ಭರತದ ಹೊತ್ತಿಗೆ ಅಳಿವೆಯಿಂದ ಉಪ್ಪುನೀರು ಒಳಗೆ ಏರುತ್ತದೆ ಎಂಬುದನ್ನು ಪುಸ್ತಕ ಇಲ್ಲದೆ ಕಲಿತಳು.

ಬಸ್ಸಿಗೆ ಕಾಯುವಾಗ ಮೀನಿನ ಬುಟ್ಟಿ ಇಟ್ಟುಕೊಂಡ ಒಬ್ಬರು ಹೆಂಗಸು ಅವಳನ್ನು ನೋಡಿ ನಗುತ್ತ, “ನೀ ಯಾರ್ ಮನಿ ಹೆಣ್ಣ್ ಮಗಾ?” ಎಂದು ಕೇಳಿದರು. ಮೊಮ್ಮಗಳು ನನ್ನ ಕಿವಿಯಲ್ಲಿ, “ಯಾರ ಮನೆ ಹಣ್ಣು ಅಂತ ಕೇಳ್ತಿದ್ದಾರೆ, ನಮ್ಮ ಚೀಲದಲ್ಲಿರೋ ಬಾಳೆಹಣ್ಣಾ?” ಎಂದಳು. ಅವಳ ಅಜ್ಜಿ ನಕ್ಕಳು, ನಾನೂ ನಕ್ಕೆ. ಆದರೆ ಒಳಗೆ ಚುರುಕ್ಕೆಂದಿತು. ಮುತ್ತಜ್ಜಿ ಆಡುತ್ತಿದ್ದ ಮಾತು ಮರಿಮಗಳಿಗೆ ಪರಭಾಷೆಯಾಗಿತ್ತು. ಆಸಾಡಿ ಅಮಾಸೆಯಂದು ನಾವು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತೇವೆ. ಒಳ್ಳೆಯದೇ. ಆದರೆ ಭಾಷೆ ವೇದಿಕೆಯ ಮೇಲಿಂದ ಮಕ್ಕಳಿಗೆ ಬರುವುದಿಲ್ಲ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಬರುತ್ತದೆ. ಆ ಬಸ್ಸು ಮುಕ್ಕಾಲು ಗಂಟೆ ತಡವಾಯಿತು. ಅಷ್ಟರಲ್ಲಿ ಮೊಮ್ಮಗಳಿಗೆ ಹೊಯ್ಗಿ ಎಂದರೆ ಮರಳು, ಹಾಡಿ ಎಂದರೆ ಊರ ಬದಿಯ ಸಣ್ಣ ಕಾಡು, ಗಂಟಿ ಎಂದರೆ ದನಕರು ಎಂದು ಗೊತ್ತಾಗಿತ್ತು. ಬಸ್ಸು ಬಂದಾಗ “ಹೋಪ ಅಜ್ಜಯ್ಯ” ಎಂದಳು.

ಸಂಜೆ ಬೈಂದೂರಿನ ಸೋಮೇಶ್ವರದಲ್ಲಿ ಸೂರ್ಯ ಮುಳುಗುವುದನ್ನು ನೋಡಿದೆವು. ರಾತ್ರಿ ಅಲ್ಲೇ ಒಂದು ಸಾದಾ ಕೋಣೆ. ಬೈಂದೂರಿನ ರೈಲು ನಿಲ್ದಾಣಕ್ಕೆ ‘ಮೂಕಾಂಬಿಕಾ ರೋಡ್’ ಎಂಬ ಹೆಸರು ಯಾಕೆ ಎಂದು ಅವಳು ಕೇಳಿದಳು. ಕೇರಳದಿಂದ ಕೊಲ್ಲೂರಿಗೆ ಬರುವ ಭಕ್ತರು ಅಲ್ಲಿ ಇಳಿಯುವುದನ್ನು ಕಂಡ ಮೇಲೆ ಉತ್ತರ ಬೇಕಾಗಲಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಾಟ ಶುರುಮಾಡುವ ಮೊದಲು ಇವರೆಲ್ಲ ಎಷ್ಟು ಬಸ್ಸು ಬದಲಿಸುತ್ತಿದ್ದರೋ! ಅದಕ್ಕೂ ಹಿಂದೆ ನಡೆದೇ ಬರುತ್ತಿದ್ದರು. ಹೆಗಲಲ್ಲಿ ಬಟ್ಟೆಗಂಟು, ಕಂಡವರ ಜಗಲಿಯಲ್ಲಿ ನಿದ್ದೆ, ಬಾಯಾರಿದರೆ ಬೆಲ್ಲ ನೀರು. ಬೆನ್ನುಚೀಲದ ಪ್ರವಾಸ ನಮಗೆ ಹೊಸದಲ್ಲ, ಚೀಲ ಮಾತ್ರ ಹೊಸದು.

ಮೂರನೆಯ ದಿನ ಕೊಲ್ಲೂರು. ಕಡಲಿನ ಗಾಳಿ ಬಿಟ್ಟು ಬಸ್ಸು ಒಳಗೆ ಹೋದ ಹಾಗೆ ತಂಪು, ಮರ, ಮತ್ತೆ ಮರ. ಸುತ್ತ 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ವನ್ಯಧಾಮ. ಎತ್ತರದಲ್ಲಿ 1,343 ಮೀಟರಿನ ಕೊಡಚಾದ್ರಿ. ಮೇಲೆ ಹೋಗಲು ಜೀಪು ಸಿಗುತ್ತದೆ. ನನ್ನ ಮೊಣಕಾಲು ಒಪ್ಪಲಿಲ್ಲ. ಕೆಳಗೇ ಸೌಪರ್ಣಿಕೆಯ ಮೆಟ್ಟಿಲಲ್ಲಿ ಕೂತೆವು. ಮೊಮ್ಮಗಳು ನೀರು ಮುಟ್ಟಿ, “ಇದು ಸಿಹಿ” ಎಂದಳು. ಅವಳ ಕೆಲಸ ಮುಗಿದಿತ್ತು. ಮಧ್ಯಾಹ್ನ ದೇವಸ್ಥಾನದ ಊಟ.

ಇನ್ನು ಲೆಕ್ಕ. ಮೊಮ್ಮಗಳೇ ಬರೆದದ್ದು: ಎರಡು ರಾತ್ರಿಯ ಕೋಣೆ 2,400, ಊಟ ತಿಂಡಿ 1,300, ಬಸ್ಸು 430, ಇತರೆ 220. ಒಟ್ಟು 4,350 ರೂಪಾಯಿ. ನಮ್ಮ ಕಡೆ ಹೆಚ್ಚಿನವು ಖಾಸಗಿ ಬಸ್ಸುಗಳು. ಸರ್ಕಾರಿ ಸಾಮಾನ್ಯ ಬಸ್ಸು ಸಿಕ್ಕಿದರೆ ಶಕ್ತಿ ಯೋಜನೆಯಲ್ಲಿ ಅಜ್ಜಿ ಮೊಮ್ಮಗಳಿಗೆ ಟಿಕೆಟಿನ ದುಡ್ಡಿಲ್ಲ, 60 ದಾಟಿದ ಅಜ್ಜನಿಗೆ ಶೇಕಡಾ 25 ರಿಯಾಯಿತಿ. ಗುರುತಿನ ಚೀಟಿ ಜೊತೆಗಿರಲಿ. ಪುಟದ ಕೆಳಗೆ ಅವಳು ಇನ್ನೊಂದು ಸಾಲು ಸೇರಿಸಿದ್ದಳು: “ಬಸ್ಸಿಗೆ ಕಾದದ್ದು – 3 ಗಂಟೆ 40 ನಿಮಿಷ.” ಇದು ಖರ್ಚೋ ಜಮೆಯೋ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಜಮೆಯ ಕಡೆ ಬರೆದಳು.

ಬ್ರಹ್ಮಾವರದ ಕಡೆಯವರು ಬೇಸರಿಸಬೇಡಿ. ನಿಮಗೂ ಇಂಥದೇ ದಾರಿ ಇದೆ. ಬಾರಕೂರಿನ ಹಳೆಯ ಬಸದಿ, ದೇವಸ್ಥಾನಗಳನ್ನು ನೋಡಿಕೊಂಡು ಹಂಗಾರಕಟ್ಟೆಗೆ ಹೋಗಿ. ಸೀತೆ ಮತ್ತು ಸುವರ್ಣೆ ಸೇರಿ ಕಡಲಿಗೆ ಇಳಿಯುವ ಕೋಡಿಬೆಂಗ್ರೆ ಅದರ ಎದುರಿಗೇ ಇದೆ. ದಾಟಲು ಬಾರ್ಜು ಓಡುತ್ತಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಯುರೋಪು ಸುತ್ತಿ ‘ಅಪೂರ್ವ ಪಶ್ಚಿಮ’ ಬರೆದರು. ಅವರ ಕಾದಂಬರಿಗಳ ತುಂಬ ಇರುವುದು ಮಾತ್ರ ಇದೇ ಹೊಳೆ, ಇದೇ ಹೊಯಿಗೆ.

ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಮಳೆಗಾಲದಲ್ಲಿ ಈ ಪ್ರವಾಸ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವಂತಿಲ್ಲ. ಕಡಲನ್ನು ಬಲ್ಲವರೇ ದಡದಲ್ಲಿ ಕೂತಿರುವಾಗ ಈಜು ಕಲಿತ ಹುಮ್ಮಸ್ಸಿನಲ್ಲಿ ನಾವು ಇಳಿಯಬಾರದು. ಕಾಡಿನ ಜಲಪಾತವೂ ಹಾಗೆಯೇ. 2023ರ ಜುಲೈಯಲ್ಲಿ ಕೊಲ್ಲೂರಿನ ಹತ್ತಿರದ ಅರಿಶಿನಗುಂಡಿ ಜಲಪಾತದ ಬಂಡೆಯ ಮೇಲೆ ವಿಡಿಯೋಗಾಗಿ ನಿಂತ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಅವನಿಗೂ ಮನೆಯಲ್ಲಿ ಕಾಯುವವರಿದ್ದರು. ಅರಣ್ಯ ಇಲಾಖೆ ಬೇಡ ಎಂದ ಕಡೆ ಬೇಡ, ಊರಿನವರು “ಇಳೂಕಾಗ” ಎಂದ ಕಡೆ ಇಳಿಯುವುದು ಬೇಡ. ಎರಡನೆಯದು, ಹೋಗುವಾಗ ಚೀಲದಲ್ಲಿ ಒಯ್ದ ಪ್ಲಾಸ್ಟಿಕ್ಕು ಬರುವಾಗಲೂ ಚೀಲದಲ್ಲೇ ಇರಬೇಕು. ಕೊಲ್ಲೂರಿನ ಹೊಳೆಗೆ ಎಸೆದ ಲಕೋಟೆ ಕಡೆಗೆ ಗಂಗೊಳ್ಳಿಯವರ ಬಲೆಗೆ ಬೀಳುತ್ತದೆ. ಹೊಳೆ ಒಂದೇ ತಾನೇ?

ಅಜ್ಜ ಅಜ್ಜಿಯರೇ, ನಿಮ್ಮ ಮಾತ್ರೆಗಳ ಚೀಟಿಯ ಒಂದು ಪ್ರತಿಯನ್ನು ಮಗುವಿನ ಚೀಲದಲ್ಲೂ ಇಡಿ. ಮನೆಗೆ ದಿನಕ್ಕೆರಡು ಸಲ ಫೋನ್ ಮಾಡಿ, ಮಗ ಸೊಸೆ ಸುಮ್ಮನೆ ಹೆದರುವುದು ತಪ್ಪುತ್ತದೆ. ಮುಂದಿನ ವರ್ಷ ನೋಡುವ ಎಂದು ಮಾತ್ರ ಮುಂದೂಡಬೇಡಿ. ನಮ್ಮ ಸಮಯದ ಖಾತೆಯಲ್ಲಿ ಬಾಕಿ ಎಷ್ಟಿದೆ ಎಂದು ತೋರಿಸುವ ಪಾಸ್‌ಬುಕ್ ಯಾರ ಕೈಯಲ್ಲೂ ಇಲ್ಲ. ಹೊಸ ಜಮೆಯಂತೂ ಬರುವುದಿಲ್ಲ. ಇದ್ದದ್ದನ್ನು ಮೊಮ್ಮಕ್ಕಳ ಹೆಸರಿಗೆ ವರ್ಗಾಯಿಸುವುದು ಈಗಲೇ.

ಮಕ್ಕಳೇ, ನಿಮಗೊಂದು ಮನೆಗೆಲಸ. ನಿಮ್ಮ ಊರಿನ ಹೊಳೆ ಎಲ್ಲಿ ಹುಟ್ಟಿ ಎಲ್ಲಿ ಕಡಲು ಸೇರುತ್ತದೆ ಎಂದು ಇವತ್ತೇ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ. ಅವರಿಗೆ ಗೊತ್ತಿದ್ದರೆ ತೋರಿಸಲು ಹೇಳಿ. ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದಾಯಿತು, ಇಬ್ಬರೂ ಸೇರಿ ಹೋಗಿ ನೋಡಬಹುದು.