ಈಚಲ ಮರದ ಕೆಳಗೆ ಕುಳಿತು



ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಅದನ್ನು ಹೆಂಡವೆಂದೇ ಹೇಳುತ್ತಾರೆಂಬ ಗಾದೆಯನ್ನು ನಮ್ಮ ಶಾಲೆಯ ಕನ್ನಡ ಮಾಸ್ತರರು ವಿಸ್ತರಿಸಿ ಬರೆಯಲು ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಕೊಡುತ್ತಿದ್ದರು. ಈಚೆಗೆ ನಾನು ಆ ಮರದ ಕೆಳಗೇ ಕುಳಿತು ಬಂದೆ. ಕುಡಿದದ್ದು ಮಾತ್ರ ಮಜ್ಜಿಗೆಯಲ್ಲ. ಈ ಬರಹವನ್ನು ಓದುವವರಲ್ಲಿ ಹೆಚ್ಚಿನವರು ನನ್ನ ವಿದ್ಯಾರ್ಥಿಗಳು, ಉಳಿದವರು ಬಂಧುಗಳು. ಬೇರೆಯವರ ಬಾಯಿಂದ ಕೇಳಿ ಬೆರಗಾಗುವ ಬದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಪ್ರಸಂಗ ಹೀಗಿದೆ. ನಮ್ಮ ಹುನ್ನೂರಿನ ಒಬ್ಬ ಹಳೆಯ ವಿದ್ಯಾರ್ಥಿ, ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು, ಬೆಂಗಳೂರಿನಲ್ಲಿ ನೌಕರಿಗಿದ್ದಾನೆ. ಏನು ನೌಕರಿ ಎಂದು ಕೇಳಿದವರಿಗೆ ಅವನ ತಾಯಿ "ಕಂಪನಿಯೊಳಗ ಅದಾನ್ರಿ" ಎಂದಷ್ಟೇ ಹೇಳುತ್ತಿದ್ದರು. ಅವನು ಬಿಯರ್ ತಯಾರಿಸುತ್ತಾನೆಂಬ ಸುದ್ದಿ ಹೇಗೋ ಊರು ಮುಟ್ಟಿತು. ಮಾತುಕತೆ ಮುಗಿದಿದ್ದ ಒಂದು ಸಂಬಂಧ ಹಿಂದೆ ಸರಿಯಿತು. ಆ ತಾಯಿಗೆ ಸಾರಾಯಿಯ ಹೆಸರು ಕೇಳಿದರೇ ಮೈ ನಡುಗುತ್ತದೆ. ಅವರ ಅಣ್ಣ ಪಾಕೀಟು ಸಾರಾಯಿಗೆ ಬಲಿಯಾದವನು. ಅವನು ನನ್ನ ಸಹಪಾಠಿಯೂ ಆಗಿದ್ದ. ಲೆಕ್ಕದಲ್ಲಿ ನನಗಿಂತ ಚುರುಕು. ನಾನು ಮಗಳ ಮನೆಗೆಂದು ಬೆಂಗಳೂರಿಗೆ ಹೊರಟಾಗ ಅವರು ಬಂದು, "ಸರ್ರ, ನೀವರೆ ಒಮ್ಮೆ ಹೋಗಿ ನೋಡಿಕೊಂಡು ಬರ್ರಿ. ನೀವು ಹೇಳಿದ್ರ ನಾ ನಂಬತೀನಿ" ಎಂದರು. ಹೆಸರು ಹಾಕದೆ ಬರೆಯಲು ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ.

ಬಿಯರ್ ಬೆಂಗಳೂರಿಗೆ ಹೊಸದಲ್ಲ. ದಂಡಿನ ಕಾಲದ ಕೆಲವು ಭಟ್ಟಿಗಳು ಒಂದಾಗಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಹುಟ್ಟಿತು. ಆದರೆ ಊಟದ ಮನೆಯಲ್ಲಿಯೇ ಬಿಯರ್ ಕುದಿಸಿ ಅಲ್ಲಿಯೇ ಬಡಿಸುವ ಪದ್ಧತಿ ಈಚಿನದು. ಇಂದಿರಾನಗರದ ಟಾಯ್ಟ್ 2010ರಲ್ಲಿಯೂ ಬಿಯರ್ ಕ್ಲಬ್ 2011ರಲ್ಲಿಯೂ ತೆರೆದವು. ಅನಂತರ ಇವು ನಗರದ ತುಂಬ ಹಬ್ಬಿದವು. ನಾನು ಹೋದದ್ದು ಇಂಥದೇ ಇನ್ನೊಂದಕ್ಕೆ. ಗಿರಾಕಿಗಳು ಬರುವ ಮೊದಲೇ ಎಲ್ಲವನ್ನೂ ತೋರಿಸುತ್ತೇನೆಂದು ಹುಡುಗ ಮುಂಜಾನೆ ಹತ್ತಕ್ಕೆ ಕರೆದಿದ್ದ.

ಒಳಗೆ ಕಾಲಿಟ್ಟಾಗ ಮೂಗಿಗೆ ಬಡಿದದ್ದು ಹೆಂಡದ ವಾಸನೆಯಲ್ಲ. ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು ಹುರಿಯುವಾಗ ನಮ್ಮ ಅಡುಗೆಮನೆಯಲ್ಲಿ ಏಳುವ ಪರಿಮಳ ಅದು. ಗಾಜಿನ ಗೋಡೆಯ ಹಿಂದೆ ಆಳೆತ್ತರದ ಉಕ್ಕಿನ ಪಾತ್ರೆಗಳ ಸಾಲು. ಮೊಳಕೆ ಬಂದು ಒಣಗಿದ ಬಾರ್ಲಿಯನ್ನು ನುಚ್ಚಿನಂತೆ ಒಡೆದು, ಸುಮಾರು 65 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಇರಿಸುತ್ತಾರೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಸಿದ್ಧವಾದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ನೀರು ಹೆಚ್ಚು ಕಾದರೆ ಕಿಣ್ವ ಸಾಯುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬಿಡುತ್ತಾರೆ. ಮುಂದಿನ ಕೆಲಸ ಯೀಸ್ಟಿನದು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹುದುಗುವಿಕೆಯ ಸಮೀಕರಣವನ್ನು ಕರಿಹಲಗೆಯ ಮೇಲೆ ಬರೆದವನು. 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಕಾರ್ಬನ್ ಡೈಆಕ್ಸೈಡ್. ಕಣ್ಣಿನಿಂದ ನೋಡಿದ್ದು ದೋಸೆಹಿಟ್ಟು ಉಬ್ಬುವುದನ್ನು ಮಾತ್ರ. ಅಲ್ಲಿ ಪಾತ್ರೆಯಿಂದ ಹೊರಟ ಒಂದು ನಳಿಗೆಯ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿತ್ತು. ಬುಳಬುಳ ಗುಳ್ಳೆಗಳು ಏಳುತ್ತಿದ್ದವು. "ಸರ, ನೀವು ಬರೆಸಿದ 88 ಗ್ರಾಂ ಇದೇ ನೋಡ್ರಿ" ಎಂದ. ನಾನು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆ. ಅವನ ನೋಟುಬುಕ್ಕಿನಲ್ಲಿ ಪ್ರತಿದಿನದ ಉಷ್ಣತೆ, ಸಾಂದ್ರತೆ, ಹುಳಿಯ ಪ್ರಮಾಣ ದಾಖಲಾಗಿದ್ದವು. ಪ್ರಯೋಗಶಾಲೆಯ ದಾಖಲೆಪುಸ್ತಕವನ್ನು ಎಷ್ಟು ಬೈದರೂ ಹೀಗೆ ಬರೆಯದ ಹುಡುಗ! ಸಿಹಿ ಬಿಟ್ಟುಕೊಟ್ಟ ಬಾರ್ಲಿಯ ಹಿಪ್ಪೆ ಏನಾಗುತ್ತದೆಂದು ಕೇಳಿದೆ. ಹೈನುಗಾರರು ದನಗಳಿಗೆಂದು ಒಯ್ಯುತ್ತಾರಂತೆ.

ಇನ್ನು ರುಚಿಯ ಮಾತು. ನಾಲ್ಕು ಸಣ್ಣ ಗ್ಲಾಸುಗಳಲ್ಲಿ ನಾಲ್ಕು ಬಗೆ ತಂದಿಟ್ಟ. ಗೋದಿಯ ಬಿಯರ್ ಮಸುಕು ಹಳದಿ. ಬಾಳೆಹಣ್ಣಿನ ವಾಸನೆ, ಹಿಂದೆಯೇ ಲವಂಗದ ನೆನಪು. ಎರಡನ್ನೂ ಹಾಕಿಲ್ಲ, ಆ ವಾಸನೆಗಳನ್ನು ಹುಟ್ಟಿಸುವುದು ಯೀಸ್ಟು ಎಂದು ತಿಳಿದಾಗ ನನ್ನ ಮೇಷ್ಟ್ರುತನ ಸಂತೋಷಪಟ್ಟಿತು, ನಾಲಗೆಗೂ ಅಡ್ಡಿಯೆನಿಸಲಿಲ್ಲ. ಲಾಗರ್ ಎಂಬ ತಿಳಿಯಾದದ್ದು ಸಪ್ಪೆ. ಹಾಪ್ಸ್ ಹೆಚ್ಚಿದ ಮೂರನೆಯದು ನಮ್ಮ ತಾಯಿ ಜ್ವರಕ್ಕೆ ಕುಡಿಸುತ್ತಿದ್ದ ನೆಲಬೇವಿನ ಕಷಾಯದ ತಮ್ಮ. ದುಡ್ಡು ಕೊಟ್ಟು ಅದನ್ನು ಕುಡಿಯುವವರಿದ್ದಾರೆಂದರೆ ನಂಬುವುದು ಕಷ್ಟ. ಕಪ್ಪನೆಯ ಸ್ಟೌಟ್ ಮಾತ್ರ ನಿಜವಾಗಿ ಮೆಚ್ಚುಗೆಯಾಯಿತು. ಗಾಣದ ಮನೆಯಲ್ಲಿ ಕೊಪ್ಪರಿಗೆಯ ಅಂಚಿಗೆ ಹತ್ತಿಕೊಂಡು ಕಂದಿದ ಬೆಲ್ಲವನ್ನು ಕೆರೆದು ತಿನ್ನುತ್ತಿದ್ದೆವಲ್ಲ, ಆ ಸುಟ್ಟ ರುಚಿ. ನಾಲ್ಕನ್ನೂ ಅರ್ಧರ್ಧಕ್ಕೆ ಬಿಟ್ಟೆ.

ತಿನಿಸಿನ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಉಳ್ಳಾಗಡ್ಡಿ, ಟೊಮ್ಯಾಟೊ ಹೆಚ್ಚಿ ಹಾಕಿದ ಒಂದು ಹಿಡಿ ಶೇಂಗಾಕ್ಕೆ ಇನ್ನೂರರ ಮೇಲೆ ಬೆಲೆ! ನಮ್ಮ ಕಡೆಯ ರೈತ ಅದನ್ನು ಕೇಳಿದರೆ ಹೊಲ ಬಿಟ್ಟು ಬೆಂಗಳೂರಿಗೆ ನಡೆದಾನು. ಕಟ್ಟಿಗೆಯ ಒಲೆಯಲ್ಲಿ ಬೇಯಿಸಿದ ಪಿಜ್ಜಾ ಚೆನ್ನಾಗಿತ್ತು, ಅಂಚು ಗರಿಗರಿ. ಬಾರ್ಲಿಯ ಹಿಪ್ಪೆ ಸೇರಿಸಿ ಸುಟ್ಟ ಬ್ರೆಡ್ಡು ಅದಕ್ಕಿಂತ ಉತ್ತಮ. ಆದರೆ ಧಾನ್ಯದ ಮಹಿಮೆ ಸಾರುವ ಈ ಮನೆಯಲ್ಲಿ ಖಡಕ್ ಜೋಳದ ರೊಟ್ಟಿಯೂ ಎಣ್ಣಿಗಾಯಿಯೂ ಏಕಿಲ್ಲ? ಆಫ್ರಿಕದ ಎಷ್ಟೋ ದೇಶಗಳಲ್ಲಿ ಜೋಳದಿಂದಲೇ ಬಿಯರ್ ಮಾಡುತ್ತಾರೆ. 1988ರಲ್ಲಿ ನೈಜೀರಿಯ ಬಾರ್ಲಿಯ ಆಮದನ್ನು ನಿಷೇಧಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೂ ಜೋಳಕ್ಕೆ ಹೊರಳಿದವು. ಇದನ್ನು ಹೇಳಿದಾಗ ಹುಡುಗ ನಕ್ಕು, ಬರೆದುಕೊಂಡ. ಸಂಜೆ ಮತ್ತೆ ಹೋದಾಗ ಸಂಗೀತದ ಅಬ್ಬರಕ್ಕೆ ಎದುರಿಗಿದ್ದವರ ಮಾತು ಕೇಳಿಸಲಿಲ್ಲ. ಇದು ದೊಡ್ಡ ದೋಷ. ಮಾತಿಗೆಂದು ಕೂಡಿದವರು ಮಾತಾಡಲಾಗದೆ ಇನ್ನೊಂದು ಗ್ಲಾಸು ತರಿಸುತ್ತಾರೆ.

ಈಗ ನನ್ನ ಅಭಿಪ್ರಾಯ. ಕುಡಿತ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಲೆಕ್ಕವನ್ನೂ ನೋಡಿ. ಶೇಕಡ 5ರ ಬಿಯರ್ ಅರ್ಧ ಲೀಟರಿನಲ್ಲಿ 25 ಮಿಲಿಲೀಟರ್ ಆಲ್ಕೋಹಾಲ್, ಶೇಕಡ 42.8ರ ವಿಸ್ಕಿಯ 90 ಮಿಲಿಲೀಟರ್ ಪಾಕೀಟಿನಲ್ಲಿ ಸುಮಾರು 38. ಅಂದರೆ ಮೂರು ಮಗ್ಗು ಬಿಯರ್ ಏರಿಸಿದವನು ಎರಡು ಪಾಕೀಟು ಕುಡಿದವನಿಗೆ ಸಮ; ಇಂಗ್ಲಿಷ್ ಮಾತಾಡಿದ ಮಾತ್ರಕ್ಕೆ ಯಕೃತ್ತು ರಿಯಾಯಿತಿ ಕೊಡುವುದಿಲ್ಲ. ಅಂದು ಸಂಜೆ ತೂರಾಡುತ್ತ ಮೋಟರ್ ಸೈಕಲ್ಲಿನತ್ತ ಹೊರಟ ಒಬ್ಬ ತರುಣನನ್ನು ಕಾವಲುಗಾರ ತಡೆದು ಟ್ಯಾಕ್ಸಿ ಹತ್ತಿಸಿದ್ದನ್ನೂ ಕಂಡೆ. ಎಲ್ಲರನ್ನೂ ಯಾರು ತಡೆದಾರು?

ಆದರೆ ನಾಚಿಕೆಯನ್ನು ಯಾರ ಹೆಗಲಿಗೆ ಹೊರಿಸಬೇಕು? ಕೃಷ್ಣೆಯಿಂದ ಘಟಪ್ರಭೆಯವರೆಗೆ ನಮ್ಮ ಸೀಮೆಯೆಲ್ಲ ಕಬ್ಬು. ಕಬ್ಬು ಸಕ್ಕರೆಯಾದ ಮೇಲೆ ಉಳಿಯುವ ಕಾಕಂಬಿಯಿಂದ ಕಾರ್ಖಾನೆಗಳು ಸ್ಪಿರಿಟ್ ತೆಗೆಯುತ್ತವೆ. ಈಗ ಅದರ ದೊಡ್ಡ ಪಾಲು ಪೆಟ್ರೋಲಿಗೆ ಬೆರೆಯುತ್ತದೆಂಬುದು ನಿಜ. ಆದರೆ ವಿಸ್ಕಿ, ರಮ್ಮುಗಳೆಂಬ ಹೆಸರಿನ ನಮ್ಮ ದೇಶದ ಅಗ್ಗದ ಮದ್ಯ ಬಹುಕಾಲ ನಿಂತದ್ದು ಕಾಕಂಬಿಯ ಮೇಲೆಯೇ. ಕಬ್ಬಿನ ಬಿಲ್ಲಿನಿಂದ ನಾವು ಮನೆ ಕಟ್ಟಿದ್ದೇವೆ, ಮಕ್ಕಳನ್ನು ಓದಿಸಿದ್ದೇವೆ, ಮದುವೆ ಮಾಡಿದ್ದೇವೆ. ಸರಕಾರವೂ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿತು. ಆಗ ಯಾರ ಸಂಬಂಧವೂ ಮುರಿಯಲಿಲ್ಲ. ಬಾರ್ಲಿಯನ್ನು ಎಲ್ಲರ ಕಣ್ಣೆದುರು ಕುದಿಸುವ ಹುಡುಗನ ಮನೆಗೆ ಮಾತ್ರ ಹೆಣ್ಣು ಕೊಡಬಾರದೆ? ಹಿಂದೆ ಸರಿದ ಮನೆಯವರದೂ ಹತ್ತಾರು ಎಕರೆ ಕಬ್ಬು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ನನ್ನ ಸಹಪಾಠಿಯ ಪಾಲಿಗೆ ಅದು ತಡವಾಗಿ ಬಂದಿತು. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂದು ಕುಳಿತಿದೆ. ಪರವಾನಗಿಯಿಲ್ಲದ ಪಾನಂಗಡಿ, ಕಿರಾಣಿ ಅಂಗಡಿಗಳಲ್ಲಿ ಸಿಗುವ ಅದನ್ನು ಬೆಳಗಿನ ಜಾವ ಬರಿಹೊಟ್ಟೆಯಲ್ಲಿ, ಗೋಡೆಗೆ ಮುಖಮಾಡಿ ಒಂದೇ ಗುಟುಕಿಗೆ ಇಳಿಸುವವರನ್ನು ನಾನು ಹಳ್ಳಿಹಳ್ಳಿಗಳಲ್ಲಿ ಕಂಡಿದ್ದೇನೆ. ಅವರಲ್ಲಿ ನನ್ನ ಶಿಷ್ಯರೂ ಇದ್ದಾರೆ. ನಮ್ಮ ಕೋಪಕ್ಕೆ ಕೆಲಸ ಬೇಕಿದ್ದರೆ ಆ ಅಂಗಡಿಗಳ ಮುಂದಿದೆ. ನಮ್ಮ ಊರಿಗೂ ಬ್ರೂವರಿ ಬರಲಿ ಎಂದು ನಾನು ಕೇಳುವುದಿಲ್ಲ, ಬೇಡ. ಆದರೆ ಹುಡುಗನ ವಿದ್ಯೆಯನ್ನು ವಿದ್ಯೆಯೆಂದು ಒಪ್ಪುವಷ್ಟು ದೊಡ್ಡ ಮನಸ್ಸು ನಮಗಿರಬೇಕು.

ಊರಿಗೆ ಮರಳಿದ ಮರುದಿನವೇ ಆ ತಾಯಿ ಬಂದರು. ಪಾತ್ರೆಗಳ ಶುಚಿತ್ವ, ನೋಟುಬುಕ್ಕು, ದನಗಳಿಗೆ ಹೋಗುವ ಹಿಪ್ಪೆ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವ ಕುಡಿತಾನೇನ್ರಿ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಮಾಡಿದ್ದನ್ನ ರುಚಿ ನೋಡ್ತಾನವ್ವ, ಅದು ಅವನ ಕೆಲಸ. ನಿಮ್ಮ ಅಣ್ಣನಂಗ ಕುಡಿಯೋದು ನನಗ ಕಾಣಲಿಲ್ಲ. ನಾನೂ ರುಚಿ ನೋಡೀನಿ" ಎಂದೆ.

ಅವರು ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ತಿರುವುತ್ತ ಸುಮ್ಮನಿದ್ದರು. ಆಮೇಲೆ ಸಣ್ಣ ದನಿಯಲ್ಲಿ, "ಹೆಂಗಿತ್ರಿ?" ಎಂದರು.