ಕೆಟ್ಟು ನಿಂತ ಟ್ರೇಲರು, ಹಿಂದೆ ಬರುವ ಅಪರಿಚಿತ

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಬಡವರ ಬಸ್ಸು ಎಂದರೆ ಟ್ರ್ಯಾಕ್ಟರಿನ ಟ್ರೇಲರು. ಬೆಳಿಗ್ಗೆ ಗೊಬ್ಬರ ಹೊತ್ತ ಟ್ರೇಲರೇ ಸಂಜೆ ಹತ್ತಿ ಬಿಡಿಸಿ ದಣಿದ ಹೆಣ್ಣುಮಕ್ಕಳನ್ನು ಊರಿಗೆ ಕರೆತರುತ್ತದೆ. ಮಕರ ಸಂಕ್ರಾಂತಿಯಂದು ನಡೆಯುವ ಮೈಲಾಪುರದ ಮೈಲಾರಲಿಂಗೇಶ್ವರನ ಜಾತ್ರೆಗೂ, ತಿಂಥಣಿಯ ಮೌನೇಶ್ವರನ ಜಾತ್ರೆಗೂ ಜನರು ಕುಟುಂಬ ಸಮೇತರಾಗಿ, ಬುತ್ತಿ ಕಟ್ಟಿಕೊಂಡು ಅದರಲ್ಲಿಯೇ ಹೊರಡುತ್ತಾರೆ. ನಮ್ಮ ಧರ್ಮಕೇಂದ್ರಗಳ ಹಬ್ಬಗಳಿಗೆ ದೂರದ ಹಳ್ಳಿಗಳಿಂದ ಬರುವ ವಿಶ್ವಾಸಿಗಳಲ್ಲಿಯೂ ಹೀಗೆ ಬರುವವರುಂಟು. ಸರಕು ಸಾಗಿಸುವ ವಾಹನದಲ್ಲಿ ಜನರನ್ನು ಕೂರಿಸಬಾರದೆಂದು ಕಾನೂನು ಹೇಳುತ್ತದೆ. ಆ ಕಾನೂನು ನ್ಯಾಯವಾದದ್ದೇ. ಆದರೆ ‘ಶಕ್ತಿ’ ಯೋಜನೆ ಬಂದು ಮಹಿಳೆಯರ ಬಸ್ ಪ್ರಯಾಣ ಉಚಿತವಾದ ಮೇಲೂ ಬಸ್ಸು ಹೊಲದ ಬದುವಿನವರೆಗೆ ಬರುವುದಿಲ್ಲವಲ್ಲ! ಆದ್ದರಿಂದ ಟ್ರೇಲರಿನಲ್ಲಿ ಜನರಿದ್ದಾರೆ ಎಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕಾಗಿದೆ.

ಈ ಟ್ರೇಲರು ದಾರಿಯಲ್ಲಿ ಕೆಟ್ಟು ನಿಲ್ಲುವುದು ಅಪರೂಪದ ಸಂಗತಿಯಲ್ಲ. ಸವೆದ ಟೈರು ಸಿಡಿಯುತ್ತದೆ. ಗ್ರೀಸು ಕಾಣದ ಚಕ್ರದ ಬೇರಿಂಗು ಕಾದು ಮುರಿಯುತ್ತದೆ. ಕೊಂಡಿಯ ಪಿನ್ನು ಕಳಚುತ್ತದೆ. ಟ್ರ್ಯಾಕ್ಟರನ್ನು ಬಿಡಿಸಿಕೊಂಡು ಚಾಲಕನು ಪಂಕ್ಚರ್ ಅಂಗಡಿಯನ್ನು ಹುಡುಕುತ್ತ ಶಹಾಪುರಕ್ಕೋ ಸುರಪುರಕ್ಕೋ ಹೋಗುತ್ತಾನೆ. ಟ್ರ್ಯಾಕ್ಟರು ಹೋಯಿತೆಂದರೆ ಟ್ರೇಲರಿಗೆ ಇದ್ದ ಅಷ್ಟಿಷ್ಟು ದೀಪವೂ ಹೋಯಿತು. ಅದನ್ನು ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಬಾರದೇ ಎಂದು ಪಟ್ಟಣದವರು ಕೇಳಬಹುದು. ನಮ್ಮದು ಎರೆ ಭೂಮಿ. ಮಳೆ ಬಿದ್ದ ಮೇಲೆ ಹೊರೆ ಹೊತ್ತ ಟ್ರೇಲರು ಡಾಂಬರಿನಿಂದ ಒಂದು ಮಾರು ಇಳಿದರೆ ಸಾಕು, ಚಕ್ರ ಹೂತುಹೋಗುತ್ತದೆ. ಎರಡನೆಯ ಟ್ರ್ಯಾಕ್ಟರು ಬಾರದೆ ಮೇಲೇಳುವುದಿಲ್ಲ. ಹಾಗಾಗಿ ಚಾಲಕನು ಡಾಂಬರಿನ ಮೇಲೆಯೇ ಬಿಟ್ಟುಹೋಗುತ್ತಾನೆ. ದಣಿದ ಜನರು ಇಳಿಯದೆ ಅಲ್ಲಿಯೇ ನಿದ್ರಿಸುತ್ತಾರೆ.

ಕತ್ತಲೆಯಲ್ಲಿ ಹಿಂದಿನಿಂದ ಬರುವವನ ಸ್ಥಿತಿಯನ್ನು ಯೋಚಿಸಿ. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ತಗ್ಗಿಸಿದ ದೀಪದಲ್ಲಿ, ಧೂಳು ಮೆತ್ತಿದ ಟ್ರೇಲರು ಕಣ್ಣಿಗೆ ಬೀಳುವುದು ಸುಮಾರು 40-50 ಮೀಟರ್ ಹತ್ತಿರಕ್ಕೆ ಬಂದ ಮೇಲೆ. ಉಳಿಯುವುದು ಎರಡು ಸೆಕೆಂಡು. ಅದರಲ್ಲಿ ಒಂದು, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಕಳೆದಿರುತ್ತದೆ.

2023ರ ಜೂನ್ 6ರಂದು ಯಾದಗಿರಿ ಜಿಲ್ಲೆಯ ಬಳಿಚಕ್ರದ ಬಳಿ ನಿಂತಿದ್ದ ಲಾರಿಗೆ ವಾಹನವೊಂದು ಹಿಂದಿನಿಂದ ಬಡಿದು ಐವರು ಪ್ರಾಣ ಕಳೆದುಕೊಂಡರು. ಆಂಧ್ರದ ನಂದ್ಯಾಲ ಜಿಲ್ಲೆಯ ಆ ಯಾತ್ರಿಕರು ಕಲಬುರಗಿಯ ಖ್ವಾಜಾ ಬಂದೇ ನವಾಜರ ಉರುಸಿಗೆ ಹೊರಟವರು. ಅದೇ ವರ್ಷ ಅಕ್ಟೋಬರ್ 26ರಂದು ಚಿಕ್ಕಬಳ್ಳಾಪುರದಲ್ಲಿ ನಿಂತ ಟ್ಯಾಂಕರಿಗೆ ಬಡಿದು 13 ಮಂದಿ ಸತ್ತರು. 2024ರ ಜೂನ್ 28ರಂದು ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿಯ ಬಳಿ ನಿಂತ ಲಾರಿಗೆ ಬಡಿದು ಮತ್ತೆ 13 ಮಂದಿ ಮಡಿದರು. ಅವರೂ ದೇವರ ದರ್ಶನ ಮುಗಿಸಿ ಭದ್ರಾವತಿಯ ಕಡೆಗೆ ಮರಳುತ್ತಿದ್ದವರು. ಚಲಿಸದೆ ನಿಂತ ವಾಹನಗಳಿಂದ ಆದ ಸಾವುಗಳಿವು.

ಇಂತಹ ಸಾವಿನ ಬಳಿಕ ನಮ್ಮ ಪ್ರವಚನ ಪೀಠಗಳಿಂದ ಕೇಳಿಬರುವುದು ದಯಾಳು ಸಮಾರಿತನ ಸಾಮತಿ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು, ತನ್ನ ವಾಹನದ ಮೇಲೆ ಏರಿಸಿ, ಛತ್ರದವನಿಗೆ ಎರಡು ನಾಣ್ಯ ಕೊಟ್ಟ ಆತನನ್ನು ಸ್ಮರಿಸುವುದು ಯುಕ್ತವೇ ಸರಿ. ಗಾಯಾಳುವಿಗೆ ನೆರವಾದವನನ್ನು ಪೊಲೀಸು ನ್ಯಾಯಾಲಯಗಳಿಗೆ ಅಲೆಸಬಾರದೆಂಬ ಮಾರ್ಗಸೂಚಿಗಳಿಗೆ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಅದು ಮೋಟಾರು ವಾಹನಗಳ ಕಾಯ್ದೆಯಲ್ಲಿಯೇ ಸೇರಿತು. ಆದರೆ ಟ್ರೇಲರಿನ ವಿಷಯದಲ್ಲಿ ಸಮಾರಿತನ ಧರ್ಮವು ರಕ್ತ ಹರಿಯುವ ಮೊದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ. ಮುಖ ಕಾಣದ, ಹೆಸರರಿಯದ, ಇನ್ನೂ ಮೂರು ಮೈಲಿ ಹಿಂದಿರುವ ಪ್ರಯಾಣಿಕನೇ ಅಲ್ಲಿ ನಮ್ಮ ನೆರೆಯವನು. ವ್ಯಾಟಿಕನ್ನಿನಲ್ಲಿ ವಲಸಿಗರ ಪಾಲನೆಗೆಂದಿದ್ದ ಮಂಡಳಿಯು 2007ರಲ್ಲಿ ಚಾಲಕರಿಗಾಗಿ ಹತ್ತು ಕಟ್ಟಳೆಗಳನ್ನು ಪ್ರಕಟಿಸಿತ್ತು. ಕೊಲ್ಲಬಾರದೆಂಬುದೇ ಅವುಗಳಲ್ಲಿ ಮೊದಲನೆಯದು. ಅದನ್ನು ವೇಗವಾಗಿ ಓಡಿಸುವವನಿಗೆ ಮಾತ್ರ ಅನ್ವಯಿಸಿ ಓದುವುದು ನಮ್ಮ ರೂಢಿ. ದೀಪವಿಲ್ಲದೆ ನಿಲ್ಲಿಸಿದವನಿಗೂ ಅದು ಸಲ್ಲುತ್ತದೆ.

ಇದು ಬಡ ರೈತನ ಮೇಲೆ ಇನ್ನೊಂದು ಹೊರೆ ಎಂದು ಕೆಲವರು ಆಕ್ಷೇಪಿಸಿಯಾರು. ಹೊರೆ ಯಾವುದು ಎಂಬುದನ್ನು ಲೆಕ್ಕ ಹಾಕೋಣ. ಸರಕು ವಾಹನದಲ್ಲಿ ಸುಮ್ಮನೆ ಕುಳಿತು ಬಂದವರ ಸಾವಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರ ಡಿಸೆಂಬರಿನಲ್ಲಿಯೇ ತೀರ್ಪಿತ್ತಿದೆ. ಪರಿಹಾರದ ಭಾರ ಮಾಲೀಕನ ಹೊಲದ ಮೇಲೆ ಬೀಳುತ್ತದೆ. ಹೊಲವೂ ಇಲ್ಲದಿದ್ದರೆ ಸತ್ತವನ ಮಕ್ಕಳಿಗೆ ಏನೂ ದಕ್ಕುವುದಿಲ್ಲ. ಇದರ ಮುಂದೆ, ಪೇಟೆಯಲ್ಲಿ ರೇಡಿಯಂ ಎಂದು ಮಾರುವ ಪ್ರತಿಫಲಕ ಪಟ್ಟಿಯ ಬೆಲೆ ಎಷ್ಟರದು? ಕಾರಿನ ಬೆಳಕು ತಗುಲಿದೊಡನೆ ಅದು ನೂರಾರು ಮೀಟರ್ ದೂರದಿಂದ ಹೊಳೆಯುತ್ತದೆ. ಅದಕ್ಕೆ ಬ್ಯಾಟರಿ ಬೇಡ, ತಂತಿ ಬೇಡ. ಟ್ರೇಲರಿನ ಹಿಂಬದಿಯ ಎರಡೂ ಅಂಚಿಗೆ ಕೆಂಪು ಪ್ರತಿಫಲಕ ಇರಲೇಬೇಕೆಂದು ನಿಯಮಗಳಲ್ಲಿಯೂ ಇದೆ. ಹಲವು ಟ್ರೇಲರುಗಳಲ್ಲಿ ಆ ಜಾಗದಲ್ಲಿ ಮಾಲೀಕನ ಮಕ್ಕಳ ಹೆಸರುಗಳಿರುತ್ತವೆ!

ಕಲಬುರಗಿ, ಯಾದಗಿರಿ ಪ್ರದೇಶವನ್ನು ಒಳಗೊಂಡ ಗುಲ್ಬರ್ಗಾ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 2005ರಲ್ಲಿ. ಇಲ್ಲಿ ನಮ್ಮ ಸಂಖ್ಯೆ ಅಲ್ಪ. ಆದರೂ ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಸ್ಮರಣೆಯ ಜುಲೈ 25ರಂದು ವಾಹನಗಳನ್ನು ಆಶೀರ್ವದಿಸುವ ಪದ್ಧತಿ ಧರ್ಮಸಭೆಯಲ್ಲಿ ಹಳೆಯದು. ಆ ದಿನ ಗುರುಗಳು ತೀರ್ಥ ಪ್ರೋಕ್ಷಿಸುವ ಮುನ್ನ ಯುವಜನರು ಒಂದು ಒದ್ದೆ ಬಟ್ಟೆ, ಒಂದು ಸುರುಳಿ ರೇಡಿಯಂ ಪಟ್ಟಿ ಹಿಡಿದು ಟ್ರೇಲರುಗಳ ಹಿಂದೆ ನಿಂತರೆ ಒಂದು ಗಂಟೆಯ ಕೆಲಸ. ನಮ್ಮವರ ಟ್ರೇಲರು, ಪರರ ಟ್ರೇಲರು ಎಂಬ ಭೇದ ಅಲ್ಲಿ ಬೇಡ. ಮೈಲಾಪುರದ ಜಾತ್ರೆಗೆ ಹೋಗುವ ಗಾಡಿಗೂ ಅಂಟಿಸಲಿ. ಧೂಳು ಒರೆಸದೆ ಅಂಟಿಸಿದರೆ ಮಾತ್ರ ಪಟ್ಟಿಯು ವಾರದಲ್ಲಿ ಕಿತ್ತುಬರುತ್ತದೆ.

ಟ್ರೇಲರು ಕೆಟ್ಟಾಗ ಮಾಡಬೇಕಾದದ್ದೂ ಕಷ್ಟದ್ದಲ್ಲ. ಮೊದಲು ಜನರೆಲ್ಲರೂ, ಮಲಗಿದ ಮಕ್ಕಳನ್ನೂ ಎಬ್ಬಿಸಿಕೊಂಡು, ಇಳಿದು ರಸ್ತೆಯಿಂದ ದೂರ ಹೊಲದ ಕಡೆಗೆ ಕೂರಬೇಕು. ಹಿಂದೆ ಕನಿಷ್ಠ 50 ಮೀಟರ್ ದೂರದಲ್ಲಿ ಕೆಂಪು ತ್ರಿಕೋನವನ್ನಿಡಬೇಕು. ತಿರುವು ಇದ್ದರೆ ತಿರುವಿನ ಆಚೆಗೆ. ತ್ರಿಕೋನವಿಲ್ಲದವರು ಟೊಂಗೆಗಳನ್ನೂ ಕಲ್ಲುಗಳನ್ನೂ ಇಡುತ್ತಾರೆ. ಟೊಂಗೆಯಾದರೂ ಸರಿ, ಕಲ್ಲು ಸರಿಯಲ್ಲ. ರಿಪೇರಿ ಮುಗಿದ ಸಂಭ್ರಮದಲ್ಲಿ ಟ್ರ್ಯಾಕ್ಟರು ಹೊರಟುಹೋಗುತ್ತದೆ. ಕಲ್ಲುಗಳು ಅಲ್ಲಿಯೇ ಉಳಿಯುತ್ತವೆ, ನಸುಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಬೈಕಿನವನಿಗೆ.